ಮೊಗ್ಲಿಂಗ್ ಅನ್ನುವ ಸರ್‌ನೇಮ್ ಹಿಂದೆ ಬಿದ್ದ ಕಥೆ

ಜುಲೈ 1, ಪತ್ರಿಕಾ ದಿನ ಬಂತೆಂದರೆ ಮಂಗಳೂರಲ್ಲಿ ಹರ್ಮನ್ ಮೊಗ್ಲಿಂಗ್ ಫೋಟೋಕ್ಕೆ ಒಂದು ಹಾರ ಗ್ಯಾರಂಟಿ. ಜರ್ಮನಿಯಿಂದ ಬಂದ ಬಾಸೆಲ್ ಮಿಶನ್ ಪಾದ್ರಿ ಇವರು. 1843ರಲ್ಲಿ ಅದೇ ದಿನ ಇವರ 'ಮಂಗಳೂರ ಸಮಾಚಾರ' ಹೊರಗೆ ಬಂದದ್ದು, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಲ್ಲಿ ಪ್ರಿಂಟ್ ಆಗ್ತಿದ್ದದ್ದು, ಇದೆಲ್ಲ ನಮ್ಮೂರಲ್ಲಿ ಜರ್ನಲಿಸಂ ಓದಿದ ಎಲ್ರಿಗೂ ಬಾಯಿಪಾಠ. ನಾನು ಜರ್ನಲಿಸ್ಟ್ ಅಲ್ಲ, ಜರ್ಮನಿಯ ಸ್ಟುಟ್‌ಗಾರ್ಟ್ ಹತ್ರ ಒಂದು ಕಂಪೆನಿಯಲ್ಲಿ ಸಾಫ್ಟ್‌ವೇರ್ ಕೆಲಸ. ಆದ್ರೆ ಮೊಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ನಾನಿರುವಲ್ಲಿಂದ ದೂರ ಇಲ್ಲ, ತೀರಿಹೋದ ಎಸ್ಲಿಂಗನ್ ಅಂತೂ ಇಲ್ಲೇ ಪಕ್ಕ, ಲೋಕಲ್ ಟ್ರೇನಲ್ಲಿ ಹೋಗಿ ಬರುವಷ್ಟು. ಹಾಗಾಗಿ ಊರಿನ ಗೆಳೆಯನೊಬ್ಬ, ಪತ್ರಿಕಾ ದಿನದ ಕಾರ್ಯಕ್ರಮ ಮಾಡಿಸುವವನು, ಒಂದು ದಿನ ಮೆಸೇಜ್ ಹಾಕಿದ: "ನೀನು ಅಲ್ಲೇ ಇದ್ದಿಯಲ್ಲ ಮಾರಾಯ, ಅವರ ವಂಶದವರು ಯಾರಾದ್ರೂ ಉಂಟಾ ಸ್ವಲ್ಪ ನೋಡು, ಇದ್ರೆ ಕರೆಸುವ."

ಸರಿ ಅಂತ ಶುರು ಮಾಡಿದೆ. ಮೊದಲು ಆಫೀಸಲ್ಲಿ ಕೇಳಿದೆ, ನನ್ನ ಟೀಮಲ್ಲಿ ಅಪ್ಪಟ ಶ್ವಾಬಿಯನ್ ಜನ, ಅಂದ್ರೆ ಈ ಸೀಮೆಯ ಮೂಲದವರು, ಸುಮಾರು ಇದ್ದಾರೆ. ಯಾರಿಗೂ ಈ ಹೆಸರಿನವರು ಒಬ್ಬರೂ ಗೊತ್ತಿಲ್ಲ. ಒಬ್ಬಳಂತೂ "ಅದು ಊರಲ್ವಾ, ಲುಡ್ವಿಗ್ಸ್‌ಬುರ್ಗ್ ಪಕ್ಕದ್ದು" ಅಂದ್ಲು. ಅವಳು ಹೇಳಿದ್ದು ಮೊಗ್ಲಿಂಗನ್ ಅನ್ನುವ ಊರು, ಅದರ ಕಥೆ ಆಮೇಲೆ ಬರ್ತದೆ. ಮಂಗಳೂರಲ್ಲಿ ಇಷ್ಟು ಫೇಮಸ್ ಆದ ಹೆಸರು ಅದರ ಸ್ವಂತ ಊರಲ್ಲಿ ಯಾರ ಕಿವಿಗೂ ಬಿದ್ದಿಲ್ಲ ಅಂದ್ರೆ ನನಗೆ ಸ್ವಲ್ಪ ತಮಾಷೆ ಅನಿಸಿತು.

ಜರ್ಮನಿಯಲ್ಲಿ ಒಂದು ಸರ್‌ನೇಮ್ ಎಷ್ಟು ಜನರಿಗೆ ಉಂಟು ಅಂತ ಹೇಳುವ ಸರ್ಕಾರಿ ಪಟ್ಟಿ ಸಾರ್ವಜನಿಕರಿಗೆ ಸಿಗೋದಿಲ್ಲ. ಎಲ್ರೂ ನಂಬಿಕೊಂಡಿರೋದು ಹಳೇ ಟೆಲಿಫೋನ್ ಡೈರೆಕ್ಟರಿಯನ್ನು. ಮೈಂಟ್ಸ್‌ನ ಅಕಾಡೆಮಿಯವರು 2012ರಿಂದ ಜರ್ಮನ್ ಸರ್‌ನೇಮ್‌ಗಳ ಡಿಜಿಟಲ್ ನಿಘಂಟು ಮಾಡ್ತಾ ಬಂದಿದ್ದಾರೆ, ಅವರೂ ಹಿಡಿದಿರೋದು 2005ರ ಟೆಲಿಕಾಂ ಲ್ಯಾಂಡ್‌ಲೈನ್ ಡೇಟಾ. ಯಾಕಂದ್ರೆ ಆಮೇಲೆ ಜನ ಮೊಬೈಲ್‌ಗೆ ಹೋದ್ರು, ಡೈರೆಕ್ಟರಿಗೆ ಹೆಸರು ಕೊಡೋದನ್ನೇ ಬಿಟ್ರು. ಒಂದು ಲ್ಯಾಂಡ್‌ಲೈನ್ ಅಂದ್ರೆ ಒಂದು ಮನೆ, ಹಾಗಾಗಿ ಸಿಕ್ಕಿದ ಸಂಖ್ಯೆಯನ್ನು ಎರಡೂವರೆ ಮೂರು ಪಟ್ಟು ಮಾಡಿದ್ರೆ ಜನರ ಅಂದಾಜು ಬರ್ತದೆ, ಅಷ್ಟೇ, ಅದಕ್ಕಿಂತ ಹೆಚ್ಚಿನ ಗ್ಯಾರಂಟಿ ಇಲ್ಲ. ಇದೇ ಡೇಟಾ ಹಾಕಿ ಜಿಲ್ಲೆವಾರು ಬಣ್ಣ ಹಚ್ಚಿ ತೋರಿಸುವ ಮ್ಯಾಪ್ ಟೂಲ್‌ಗಳೂ ಉಂಟು, ಹೆಸರು ಟೈಪ್ ಮಾಡಿದ್ರೆ ನಕ್ಷೆ ಬರ್ತದೆ.

ಮೊದಲು ಕೈ ಪಳಗಿಸ್ಲಿಕ್ಕೆ ಅಂತ ಕಿಟ್ಟೆಲ್ ಹಾಕಿ ನೋಡಿದೆ, ನಮ್ಮ ನಿಘಂಟಿನ ಕಿಟ್ಟೆಲ್. ಪೂರ್ವ ಜರ್ಮನಿ ಕಡೆ, ಸ್ಯಾಕ್ಸನಿ ಭಾಗದಲ್ಲಿ ಚೆನ್ನಾಗಿ ಬಣ್ಣ ಬಂತು. ಕಿಟ್ಟೆಲ್ ಅಂದ್ರೆ ಮೇಲಂಗಿ, ಇವತ್ತಿಗೂ ಇಲ್ಲಿ ಡಾಕ್ಟರ್ ಹಾಕುವ ಬಿಳಿ ಕೋಟಿಗೆ ಅದೇ ಮಾತು, ಅದನ್ನು ಹೊಲಿಯುವವನಿಗೋ ಯಾವಾಗ್ಲೂ ಹಾಕ್ಕೊಂಡು ತಿರುಗುವವನಿಗೋ ಬಿದ್ದ ಹೆಸರು. ಮಜಾ ಅಂದ್ರೆ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ ತೀರಾ ವಾಯವ್ಯದ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆ ಕಡೆ ರೆಸ್ಟರ್‌ಹಾಫೆ ಅನ್ನುವಲ್ಲಿ, ಯಾಕಂದ್ರೆ ಅಪ್ಪ ಅಲ್ಲಿ ಪಾದ್ರಿ. ಅಂದ್ರೆ ಮನುಷ್ಯ ಹುಟ್ಟಿದ ಊರು ಬೇರೆ, ಹೆಸರಿನ ತವರು ಬೇರೆ. ಎಂಎಸ್ಸಿ ಫಿಸಿಕ್ಸ್ ಮಾಡಿದವರಿಗೆ ಇನ್ನೊಬ್ಬ ಕಿಟ್ಟೆಲ್ ನೆನಪಾಗಬಹುದು, ಸಾಲಿಡ್ ಸ್ಟೇಟ್ ಫಿಸಿಕ್ಸಿನ ಅಮೆರಿಕದ ಚಾರ್ಲ್ಸ್ ಕಿಟ್ಟೆಲ್. ಹೀಗೆ ಎಲ್ಲ ಕಡೆ ಹರಡಿದ ಹೆಸರಲ್ಲಿ ಯಾರು ಯಾರಿಗೆ ಸಂಬಂಧ ಅಂತ ಹುಡುಕ್ಲಿಕ್ಕೆ ಹೊರಟ್ರೆ ಜನ್ಮ ಸಾಕಾಗ್ಲಿಕ್ಕಿಲ್ಲ.

ಮೊಗ್ಲಿಂಗ್ ಹಾಕಿದೆ. ದೇಶ ಬಹುಪಾಲು ಬೆಳ್ಳಗೆ. ನೈರುತ್ಯದಲ್ಲಿ, ಅಂದ್ರೆ ಈಗಿನ ಬಾಡೆನ್-ವ್ಯುರ್ಟೆಂಬೆರ್ಗ್ ಕಡೆ, ಅಲ್ಲೊಂದು ಇಲ್ಲೊಂದು ಜಿಲ್ಲೆಗೆ ತೆಳು ಬಣ್ಣ. ಇಲ್ಲಿ ಒಂದು ವಿಷಯ ಹೇಳ್ಬೇಕು, ಈ ಮ್ಯಾಪ್‌ಗಳಲ್ಲಿ ಎರಡು ಥರ ಇರ್ತದೆ. ಒಂದು ಬರೀ ಸಂಖ್ಯೆಯದ್ದು, ಅದರಲ್ಲಿ ಯಾವ ಹೆಸರು ಹಾಕಿದ್ರೂ ಬರ್ಲಿನ್, ಸ್ಟುಟ್‌ಗಾರ್ಟ್ ಥರದ ಸಿಟಿಗಳೇ ಎದ್ದು ಕಾಣೋದು, ಜನ ಜಾಸ್ತಿ ಇದ್ದ ಕಡೆ ಎಲ್ಲ ಹೆಸರೂ ಜಾಸ್ತಿ. ಇನ್ನೊಂದು ಜನಸಂಖ್ಯೆಗೆ ಹೋಲಿಸಿದ್ದು, ಅದು ಸಾಮಾನ್ಯ ಹೆಸರಿಗೆ ಒಳ್ಳೇದು, ಅಪರೂಪದ ಹೆಸರಿಗೆ ಡೇಂಜರ್. ಸಣ್ಣ ಜಿಲ್ಲೆಗೆ ಒಂದು ಸಂಸಾರ ಟ್ರಾನ್ಸ್‌ಫರ್ ಆಗಿ ಹೋಗಿದ್ರೂ ಆ ಜಿಲ್ಲೆ ಇಡೀ ಗಾಢ ಕೆಂಪು, ನೋಡಿದವರಿಗೆ ಅದೇ ಮೂಲಸ್ಥಾನ ಅಂತ ಅನಿಸ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಮಾತ್ರ ಏನಾದ್ರೂ ಹೇಳ್ಬಹುದು.

ಮತ್ತೊಂದು, ರೈತರ ಮನೆತನದ ಹೆಸರಾದ್ರೆ ನೂರಾರು ವರ್ಷ ಒಂದೇ ಕಣಿವೆಯಲ್ಲಿ ಕೂತಿರ್ತದೆ, ಮ್ಯಾಪಲ್ಲಿ ದಟ್ಟ ಚುಕ್ಕೆ ಬೀಳ್ತದೆ. ಪಾದ್ರಿ, ಮೇಷ್ಟ್ರು, ವೈದ್ಯರು, ಡ್ಯೂಕನ ಆಫೀಸಿನ ಗುಮಾಸ್ತರು, ಇಂಥವರ ಮನೆತನದ ಹೆಸರು ಹಾಗಲ್ಲ, ವರ್ಗ ಆದಲ್ಲೆಲ್ಲ ಹೆಸರೂ ಹೋಗ್ತದೆ, ಎಲ್ಲೂ ಬೇರು ಬಿಡೋದಿಲ್ಲ. ಮೊಗ್ಲಿಂಗ್ ಅನ್ನೋದು ಎರಡನೇ ಥರದ್ದು ಅಂತ ನನಗೆ ಬೇಗ ಅನುಮಾನ ಬಂತು, ಯಾಕಂದ್ರೆ ಹಳೇ ದಾಖಲೆಯಲ್ಲಿ ಈ ಹೆಸರು ಸಿಕ್ಕಿದಲ್ಲೆಲ್ಲ ಟ್ಯೂಬಿಂಗನ್ ಯೂನಿವರ್ಸಿಟಿಯ ವಾಸನೆ ಉಂಟು.

ಈಗ ಊರಿನ ಕಥೆ. ನಾನಿರುವ ಕಡೆ ಊರುಗಳೆಲ್ಲ 'ಇಂಗನ್' ಅಂತಲೇ ಮುಗಿಯೋದು, ಎಸ್ಲಿಂಗನ್, ಟ್ಯೂಬಿಂಗನ್, ಬ್ಯೋಬ್ಲಿಂಗನ್, ಸಿಂಡೆಲ್ಫಿಂಗನ್, ರೈಲಿನಲ್ಲಿ ಅನೌನ್ಸ್‌ಮೆಂಟ್ ಕೇಳಿದ್ರೆ ತಲೆ ತಿರುಗ್ತದೆ. ಅಲಮಾನ್ನಿ ಅನ್ನುವ ಹಳೇ ಜರ್ಮನ್ ಬುಡಕಟ್ಟಿನ ಜನ ಇಲ್ಲಿ ನೆಲೆ ನಿಂತ ಕಾಲದ ಹೆಸರುಗಳಿವು, ಒಬ್ಬ ಯಜಮಾನನ ಹೆಸರು, ಅದರ ಹಿಂದೆ 'ಇಂಗನ್', ಅಂದ್ರೆ ಅವನ ಕಡೆಯವರು ಇರುವ ಜಾಗ. ಹೀಗೆ ಲುಡ್ವಿಗ್ಸ್‌ಬುರ್ಗ್ ಪಕ್ಕ ಒಂದು ಮೊಗ್ಲಿಂಗನ್, ಪೂರ್ವಕ್ಕೆ ಶ್ವೇಬಿಷ್ ಗ್ಮ್ಯುಂಡ್ ಮತ್ತು ಆಲೆನ್ ನಡುವೆ ರೆಮ್ಸ್ ನದಿಯ ಕಣಿವೆಯಲ್ಲಿ ಇನ್ನೊಂದು, ಅದರಲ್ಲಿ 'ಗ' ಎರಡು ಸಲ, ಮೊಗ್ಗ್ಲಿಂಗನ್. ಎರಡೂ ಕಡೆ ಹೋಗಿ ಬಂದೆ. ಮೊದಲನೆಯದಕ್ಕೆ ಲುಡ್ವಿಗ್ಸ್‌ಬುರ್ಗಿಂದ ಬಸ್ಸು, ಎರಡನೆಯದಕ್ಕೆ ಸೀದಾ ರೈಲು. ಹೋಗಿ ಎಂತ ಸಿಕ್ಕಿತು ಅಂದ್ರೆ ಒಳ್ಳೇ ಕಾಫಿ ಸಿಕ್ಕಿತು. ಸರ್‌ನೇಮ್ ಹುಡುಕುವವರಿಗೆ ಊರು ಸುತ್ತೋದ್ರಿಂದ ಪ್ರಯೋಜನ ಬಹಳ ಕಮ್ಮಿ, ಕಾಗದ ಇರೋದು ಬೇರೆ ಕಡೆ. ಬವೇರಿಯಾದಲ್ಲೂ ಟ್ರೋಸ್ಟ್‌ಬೆರ್ಗ್ ಊರಿಗೆ ಸೇರಿದ ಹಾಗೆ ಸಾಕ್ಷಾತ್ 'ಮೊಗ್ಲಿಂಗ್' ಅಂತಲೇ ಒಂದು ಹಳ್ಳಿ ಉಂಟು, ಅಲ್ಲಿಯ ಭಾಷೆಯಲ್ಲಿ 'ಇಂಗನ್' ಬದಲು 'ಇಂಗ್' ಅಂತ ನಿಲ್ಲೋದು ರೂಢಿ. ಆದ್ರೆ ಅದು ಕ್ಯಾಥೊಲಿಕ್ ಸೀಮೆ, ದೂರ, ನಮ್ಮ ಮನೆತನ ದಾಖಲೆಯಲ್ಲಿ ಕಾಣಿಸೋದು ಪ್ರೊಟೆಸ್ಟಂಟ್ ವ್ಯುರ್ಟೆಂಬೆರ್ಗಲ್ಲಿ, ಅಂದ್ರೆ ಸ್ಟುಟ್‌ಗಾರ್ಟ್ ಸುತ್ತಿನ ಹಳೇ ಡ್ಯೂಕನ ಸೀಮೆಯಲ್ಲಿ.

ಹೆಸರಿನ ಶಾಸ್ತ್ರ ಓದಿದವರು ಇಲ್ಲಿ ಒಂದು ತಕರಾರು ತೆಗೀತಾರೆ, ನನಗೂ ಅದು ಸರಿ ಅನಿಸಿತು. ಊರು ಬಿಟ್ಟು ಬಂದವನಿಗೆ ಜರ್ಮನ್‌ನಲ್ಲಿ ಸಾಮಾನ್ಯವಾಗಿ 'ಎರ್' ಸೇರಿಸಿ ಕರೀತಾರೆ, ಎಸ್ಲಿಂಗನ್‌ನವನು ಎಸ್ಲಿಂಗರ್, ರಾಯ್ಟ್ಲಿಂಗನ್‌ನವನು ರಾಯ್ಟ್ಲಿಂಗರ್. ಆ ಲೆಕ್ಕದಲ್ಲಿ ಮೊಗ್ಲಿಂಗನ್‌ನವನು ಮೊಗ್ಲಿಂಗರ್ ಆಗ್ಬೇಕಿತ್ತು. 'ಎರ್' ಇಲ್ಲದೆ ಬರೀ ಮೊಗ್ಲಿಂಗ್ ಅಂತ ನಿಂತಿರೋದ್ರಿಂದ ಎರಡು ದಾರಿ ಉಳೀತದೆ, ಒಂದೋ ಊರಿನ ಹೆಸರೇ ಬಾಲ ಕಳ್ಕೊಂಡು ಉಳಿದದ್ದು, ಇಲ್ಲಾ ಊರಿನ ಹಂಗೇ ಇಲ್ಲದೆ ಹಳೇ ವ್ಯಕ್ತಿನಾಮಕ್ಕೆ 'ಇಂಗ್' ಸೇರಿ 'ಅವನ ಮಗ, ಅವನ ಕಡೆಯವನು' ಅಂತ ಆದದ್ದು. ಬೇರು ಎರಡಕ್ಕೂ ಒಂದೇ, ಆ ಹಳೇ ಯಜಮಾನನ ಹೆಸರು, ಊರಿನ ಮೂಲಕ ಬಂತೋ ನೇರ ಬಂತೋ ಅನ್ನೋದಷ್ಟೇ ಜಗಳ. ಈ ಜಗಳ ನಿಘಂಟಿನಿಂದ ತೀರೋದಿಲ್ಲ, ಹೆಸರು ಮೊದಲ ಸಲ ಎಲ್ಲಿ ಯಾವ ಸ್ಪೆಲ್ಲಿಂಗಲ್ಲಿ ಕಾಣಿಸಿತು ಅನ್ನೋದನ್ನು ನೋಡ್ಬೇಕು. ಲೈಪ್ಜಿಗ್ ಯೂನಿವರ್ಸಿಟಿ ಕಡೆ ದುಡ್ಡು ಕೊಟ್ರೆ ನಿಮ್ಮ ಸರ್‌ನೇಮ್ ಬಗ್ಗೆ ರಿಪೋರ್ಟ್ ಬರೆದು ಕೊಡುವವರಿದ್ದಾರೆ, ನನ್ನದೇ ಹೆಸರಾಗಿದ್ರೆ ಮಾಡಿಸ್ತಿದ್ದೆನೋ ಏನೋ.

ಸ್ಪೆಲ್ಲಿಂಗ್ ಅಂದಾಗ ನೆನಪಾಯ್ತು. ನಾವು ಕನ್ನಡದಲ್ಲಿ ಮೊಗ್ಲಿಂಗ್, ಮೋಗ್ಲಿಂಗ್, ಮ್ಯೋಗ್ಲಿಂಗ್ ಅಂತ ಹೇಗೆ ಬೇಕೋ ಹಾಗೆ ಬರೀತೇವೆ, ಅಲ್ಲಿಯೂ ಅದೇ ಪಾಡು. ಆ ಸ್ವರ 'ಏ' ಅನ್ನಲಿಕ್ಕೆ ನಾಲಿಗೆ ಇಟ್ಟು ತುಟಿ ಮಾತ್ರ ಗುಂಡಗೆ ಮಾಡಿ ಹೇಳುವಂಥದ್ದು. ಶ್ವಾಬಿಯನ್ ಜನ ಮನೆಮಾತಲ್ಲಿ ತುಟಿ ಗುಂಡಗೆ ಮಾಡ್ಲಿಕ್ಕೆ ಹೋಗೋದಿಲ್ಲ, ನೇರ 'ಮೇಗ್ಲಿಂಗ್' ಅಂತಾರೆ. ಕಿವಿಯಲ್ಲಿ ಕೇಳಿ ಬರೆಯುವ ಗುಮಾಸ್ತ ಇದ್ರೆ ಕಾಗದದಲ್ಲೂ ಹಾಗೇ ಬೀಳಬಹುದು. ಇನ್ನು ಕೆಲವು ಕಡೆ ಓ ಮೇಲಿನ ಎರಡು ಚುಕ್ಕೆ ಬದಲು ಪಕ್ಕಕ್ಕೆ ಇ ಅಕ್ಷರ ಹಾಕಿ ಬರೆದಿರ್ತಾರೆ, ಅಮೆರಿಕಕ್ಕೆ ಹಡಗು ಹತ್ತಿದವರ ಹೆಸರಲ್ಲಂತೂ ಚುಕ್ಕೆಗಳು ಸಮುದ್ರ ಪಾಲಾಗಿರ್ತವೆ. ಸರ್ಚ್ ಮಾಡುವಾಗ ಇಷ್ಟೂ ರೂಪ ಹಾಕಿ ನೋಡ್ಬೇಕು. ಅಪರೂಪದ ಹೆಸರಾದ್ರಿಂದ ಒಂದು ಸುಖ, ಎಲ್ಲ ರೂಪ ಸೇರಿಸಿದ್ರೂ ರಿಸಲ್ಟ್ ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟೇ ಬರೋದು. ಮ್ಯುಲ್ಲರ್ ಅಂತ ಹುಡುಕುವವರ ಕಷ್ಟ ದೇವರಿಗೇ ಪ್ರೀತಿ.

ಆದ್ರೆ ಅದೇ ಸುಖ ಕಾಲಿಗೆ ತೊಡರ್ತದೆ. ಹೆಸರು ಅಪರೂಪ ಅಂದ್ಕೂಡ್ಲೇ ಸಿಕ್ಕಿದವರೆಲ್ಲ ಒಂದೇ ಮನೆತನ ಅಂತ ಮನಸ್ಸು ಓಡ್ತದೆ. ಮಂದಿ ಅಪ್‌ಲೋಡ್ ಮಾಡಿದ ವಂಶವೃಕ್ಷಗಳ ಸೈಟ್ ಒಂದರಲ್ಲಿ ಯಾರೋ ಪುಣ್ಯಾತ್ಮರು ಬವೇರಿಯಾದ ಮಧ್ಯಯುಗದ ಕೌಂಟ್‌ಗಳ ಮನೆತನಕ್ಕೆ ನಮ್ಮ ಮೊಗ್ಲಿಂಗರನ್ನು ತಂದು ಅಂಟಿಸಿದ್ರು, ನಡುವೆ ಮುನ್ನೂರು ವರ್ಷ ಒಂದೇ ಒಂದು ದಾಖಲೆ ಇಲ್ಲ. ಇನ್ನೊಂದು ಸೈಟ್ ಫ್ಯಾಮಿಲಿ ಲಾಂಛನ ಪ್ರಿಂಟ್ ಮಾಡಿ ಕಳಿಸ್ತೇವೆ ಅಂತ ದುಡ್ಡು ಕೇಳ್ತಿತ್ತು. ಇವೆರಡನ್ನೂ ಬಿಟ್ಟು ಕೆಳಗಿಂದ ಮೇಲೆ, ಒಂದೊಂದೇ ತಲೆಮಾರು ಹಿಡಿದು ಹೋಗುವ ಅಂತ ಚರ್ಚ್ ಪುಸ್ತಕಕ್ಕೆ ಇಳಿದೆ.

ಈ ವಿಷಯದಲ್ಲಿ ವ್ಯುರ್ಟೆಂಬೆರ್ಗಿನವರನ್ನು ಹೊಗಳಲೇಬೇಕು. 1558ರಲ್ಲಿ ಡ್ಯೂಕ್ ಕ್ರಿಸ್ಟೋಫ್ ಕಾಲದಲ್ಲೇ ಪ್ರತಿ ಊರಿನ ಪಾದ್ರಿ ಮದುವೆ, ದೀಕ್ಷಾಸ್ನಾನ ಬರೆದಿಡ್ಬೇಕು ಅಂತ ಆಜ್ಞೆ ಆಯ್ತು. 1808ರಿಂದ ಅದರ ಜೊತೆ ಫ್ಯಾಮಿಲಿ ರಿಜಿಸ್ಟರ್ ಅಂತ ಬೇರೆ ಪುಸ್ತಕ. ಇದನ್ನು ಮೊದಲು ನೋಡಿದಾಗ ನಮ್ಮ ರೇಷನ್ ಕಾರ್ಡ್ ನೆನಪಾಯ್ತು: ಒಂದು ಸಂಸಾರಕ್ಕೆ ಒಂದು ಪುಟ, ಮೇಲೆ ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ, ಇಬ್ಬರದ್ದೂ ಹುಟ್ಟು, ಉದ್ಯೋಗ, ಅಪ್ಪ ಅಮ್ಮನ ಹೆಸರು, ಕೆಳಗೆ ಸಾಲಾಗಿ ಮಕ್ಕಳು, ಪ್ರತಿ ಮಗುವಿನ ಮುಂದೆ ಹುಟ್ಟಿದ ದಿನ, ಮದುವೆ, ಸಾವು, ಬೇರೆ ಪುಟಕ್ಕೆ ಹೋಗಿದ್ರೆ ಆ ಪುಟದ ನಂಬರ್. ಸಣ್ಣದರಲ್ಲೇ ತೀರಿಕೊಂಡ ಮಕ್ಕಳ ಹೆಸರಿನ ಮುಂದೆ ಒಂದು ಶಿಲುಬೆ ಗುರುತು, ಕೆಲವು ಪುಟದಲ್ಲಿ ಆ ಗುರುತೇ ಹೆಚ್ಚು. ಈ ಪುಸ್ತಕಗಳೆಲ್ಲ ಈಗ ಆರ್ಕಿಯೋನ್ ಅನ್ನುವ ಪೋರ್ಟಲ್‌ನಲ್ಲಿ ಸ್ಕ್ಯಾನ್ ಆಗಿ ಕೂತಿವೆ, ತಿಂಗಳ ಪಾಸ್ ತಗೊಂಡ್ರೆ ಮನೆಯಲ್ಲೇ ನೋಡ್ಬಹುದು. ಸ್ಟುಟ್‌ಗಾರ್ಟಿನ ಮ್ಯೋರಿಂಗನ್‌ನಲ್ಲಿ ಚರ್ಚಿನ ಆರ್ಕೈವ್ ಉಂಟು, ಓದ್ಲಿಕ್ಕೆ ಬಾರದಿದ್ರೆ ಅಲ್ಲಿಗೆ ಹೋಗೋದು ವಾಸಿ, ಯಾಕಂತ ಹೇಳ್ತೇನೆ.

ಸ್ಕ್ಯಾನ್ ಸಿಗ್ತದೆ, ನಾನು ನೋಡಿದಾಗ ಹೆಸರಿನ ಸರ್ಚ್ ಇರ್ಲಿಲ್ಲ, ಪುಟ ಪುಟ ತಿರುಗಿಸ್ಬೇಕಿತ್ತು. ಅದೂ ಕುರೆಂಟ್ ಅನ್ನುವ ಹಳೇ ಜರ್ಮನ್ ಕೈಬರಹ, ಈಗಿನ ಜರ್ಮನ್ನರಿಗೇ ಬರೋದಿಲ್ಲ. ಅದರಲ್ಲಿ ಇ ಅಕ್ಷರ ನೋಡ್ಲಿಕ್ಕೆ ಎನ್ ಥರ, ಯು ಮತ್ತು ಎನ್ ಎರಡೂ ಒಂದೇ ಥರ, ಯು ಅಂತ ಗೊತ್ತಾಗ್ಲಿಕ್ಕೆ ತಲೆ ಮೇಲೆ ಒಂದು ಸಣ್ಣ ಕೊಕ್ಕೆ ಹಾಕಿರ್ತಾರೆ, ಆ ಕೊಕ್ಕೆ ಕೆಲವು ಪಾದ್ರಿಗಳ ಕೈಯಲ್ಲಿ ಮುಂದಿನ ಅಕ್ಷರದ ಮೇಲೆ ಹೋಗಿ ಕೂತಿರ್ತದೆ. ಆರ್ಕೈವಿನ ರೀಡಿಂಗ್ ರೂಮಲ್ಲಿ ಪಕ್ಕದ ಟೇಬಲ್ಲಿಗೆ ರೆಗ್ಯುಲರ್ ಬರ್ತಿದ್ದ ಒಬ್ಬ ಅಜ್ಜ ನನ್ನ ಅವಸ್ಥೆ ನೋಡಲಾರದೆ ಕುರ್ಚಿ ಎಳ್ಕೊಂಡು ಬಂದು ಕೂತ್ರು. ಅವರ ಪಾಠ ಸಿಂಪಲ್: ಅಕ್ಷರ ಓದ್ಬೇಡಿ, ಮೊದಲು ಆ ಪಾದ್ರಿ ಬರೆದ ತಿಂಗಳ ಹೆಸರುಗಳನ್ನು ನೋಡಿ, ಅದು ನಿಮಗೆ ಗೊತ್ತಿರುವ ಮಾತಲ್ವಾ, ಅವರ ಕೈ ಹೇಗೆ ಹೋಗ್ತದೆ ಅಂತ ಅದರಲ್ಲಿ ಕಲ್ತು ಆಮೇಲೆ ಹೆಸರಿಗೆ ಬನ್ನಿ. ಇದು ನಿಜವಾಗ್ಲೂ ಕೆಲಸ ಮಾಡ್ತದೆ. ನಾನು ಭಾರತದವನು, ಅದರಲ್ಲೂ ಮಂಗಳೂರಿನವನು ಅಂದದ್ದಕ್ಕೆ "ಓ, ಬಾಸೆಲ್ ಮಿಶನ್" ಅಂದ್ರು, ಪರವಾಗಿಲ್ವೇ ಅಂದ್ಕೊಂಡೆ.

ಬ್ರಾಕೆನ್‌ಹೈಮ್‌ನ ಮಟ್ಟಿಗೆ ದಾರಿ ಸುಲಭ. ಅಣ್ಣ ತಮ್ಮ ಇಬ್ರೂ ಅಲ್ಲೇ ಹುಟ್ಟಿದ್ದು, ಹರ್ಮನ್ 1811ರಲ್ಲಿ, ತಮ್ಮ ಥಿಯೊಡೋರ್ 1814ರಲ್ಲಿ. ಈ ತಮ್ಮನ ಬಗ್ಗೆ ನಮ್ಮೂರಲ್ಲಿ ಯಾರೂ ಮಾತಾಡೋದಿಲ್ಲ, ಜರ್ಮನಿಯ ಇತಿಹಾಸದಲ್ಲಿ ಮೊಗ್ಲಿಂಗ್ ಅಂದ್ರೆ ಇವನೇ ಮೊದಲು ಬರೋದು. ಹೋಹೆನ್‌ಹೈಮ್‌ನ ಕೃಷಿ ಶಾಲೆಯಲ್ಲಿ ರೇಷ್ಮೆ ಸಾಕಣೆ ಕಲಿಸ್ತಿದ್ದವನು ಜರ್ಮನಿಯ 1848ರ ಕ್ರಾಂತಿಗೆ ಅದರ ನಾಯಕರಲ್ಲೊಬ್ಬನಾದ ಹೆಕ್ಕರ್ ಜೊತೆ ಹೊರಟ, ಮರುವರ್ಷ ಬಾಡೆನ್ ದಂಗೆಯಲ್ಲಿ ವಾಗ್‌ಹೊಯ್ಸೆಲ್ ಕಾಳಗದಲ್ಲಿ ಗಾಯಗೊಂಡು ಸೆರೆಸಿಕ್ಕಿ ಜೈಲು ಸೇರಿದ. ಅದೇ ಹೊತ್ತಿಗೆ ಅಣ್ಣ ಅಲ್ಲಿ ಮಂಗಳೂರಲ್ಲಿ ಕೂತು ಜೈಮಿನಿ ಭಾರತ, ದಾಸರ ಪದ ಎಲ್ಲ ಅಚ್ಚು ಹಾಕಿಸ್ತಾ ಇದ್ದ. ಇನ್ನೂ ಹಿಂದೆ ಹೋದ್ರೆ 1596ರಲ್ಲಿ ಬ್ಯೋಬ್ಲಿಂಗನ್‌ನಲ್ಲಿ ಹುಟ್ಟಿದ ಡಾನಿಯೆಲ್ ಮೊಗ್ಲಿಂಗ್ ಅಂತ ಒಬ್ಬ ವೈದ್ಯ ಸಿಗ್ತಾನೆ, ರೋಸಿಕ್ರೂಶಿಯನ್ ಅನ್ನುವ ಗುಪ್ತ ಪಂಥದ ಪರ ಸುಳ್ಳು ಹೆಸರಲ್ಲಿ ಬರೀತಿದ್ದವನು, 1618ರ ಅವನ ಪುಸ್ತಕದಲ್ಲಿ ಚಕ್ರ ಹಾಕಿದ ಕಟ್ಟಡದ ಒಂದು ಚಿತ್ರ ಉಂಟು, ಗೂಗಲ್ ಮಾಡಿ ನೋಡಿ, ಸಖತ್ತಾಗಿದೆ. ಅವನಿಗಿಂತ ಹಿಂದಿನ ತಲೆಮಾರಲ್ಲಿ ಟ್ಯೂಬಿಂಗನ್ ಮೆಡಿಕಲ್ ಪ್ರೊಫೆಸರ್ ಮೊಗ್ಲಿಂಗ್ ಸಿಗ್ತಾರೆ.

ಬ್ಯೋಬ್ಲಿಂಗನ್‌ನ ಡಾನಿಯೆಲ್‌ನಿಂದ ಬ್ರಾಕೆನ್‌ಹೈಮ್‌ನ ಹರ್ಮನ್‌ವರೆಗೆ ಗೆರೆ ಎಳೆದು ಊರಿಗೆ ಕಳಿಸಿದ್ರೆ ಎಲ್ರೂ ಖುಷಿ ಪಡ್ತಿದ್ರು. ನಾನು ಎಳೀಲಿಲ್ಲ. ಮಧ್ಯದಲ್ಲಿ ಮೂವತ್ತು ವರ್ಷದ ಯುದ್ಧ ಕೂತಿದೆ, 1634ರಲ್ಲಿ ನೋರ್ಡ್ಲಿಂಗನ್ ಕಾಳಗದಲ್ಲಿ ಪ್ರೊಟೆಸ್ಟಂಟ್ ಕಡೆಯವರು ಸೋತ ನಂತರ ಶತ್ರು ಸೈನ್ಯ ನುಗ್ಗಿ ಊರೂರು ಸುಟ್ಟಾಗ ಎಷ್ಟೋ ಚರ್ಚ್ ಪುಸ್ತಕ ಬೂದಿ ಆಗಿವೆ. ಒಂದೇ ಸೀಮೆ, ಒಂದೇ ಥರದ ಓದಿದ ಮನೆತನ, ಅಪರೂಪದ ಹೆಸರು, ಇಷ್ಟೆಲ್ಲ ಸೇರಿದಾಗ ಸಂಬಂಧ ಇರುವ ಸಾಧ್ಯತೆ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಅಭಿಪ್ರಾಯಕ್ಕೆ ಪುಟದ ನಂಬರ್ ಇರೋದಿಲ್ಲ.

ಇನ್ನು ಈಗ ಬದುಕಿರುವವರು. ಇಲ್ಲಿ ಪ್ರೈವಸಿ ಬಹಳ ಸ್ಟ್ರಿಕ್ಟ್. 1876ರಿಂದ ಹುಟ್ಟು ಸಾವು ಮದುವೆ ಎಲ್ಲ ಸರ್ಕಾರಿ ರಿಜಿಸ್ಟ್ರಾರ್ ಆಫೀಸಲ್ಲಿ, ಅದರಲ್ಲಿ ಜನನದ ದಾಖಲೆ 110 ವರ್ಷ, ಮದುವೆಯದ್ದು 80, ಸಾವಿನದ್ದು 30 ವರ್ಷ ಕಳೆದ ಮೇಲೆ ಮಾತ್ರ ನನ್ನಂಥ ಹೊರಗಿನವರಿಗೆ ತೆರೀತದೆ. ಹಾಗಾಗಿ ಡೈರೆಕ್ಟರಿಯಲ್ಲಿ ಅಡ್ರೆಸ್ ಕೊಟ್ಟವರಿಗೆ ಮಾತ್ರ ಕಾಗದ ಬರೆದೆ, ಇಮೇಲ್ ಅಲ್ಲ, ಇಲ್ಲಿ ವಯಸ್ಸಾದವರು ಅಂಚೆಯನ್ನೇ ನಂಬೋದು. ಹೆಚ್ಚಿನವರು ಉತ್ತರ ಬರೀಲಿಲ್ಲ, ಅವರ ತಪ್ಪಲ್ಲ, ಯಾರೋ ಭಾರತದವನು ನಿಮ್ಮ ವಂಶ ಹೇಳಿ ಅಂದ್ರೆ ನಾನಾದ್ರೂ ಹೆದರ್ತಿದ್ದೆ. ಒಬ್ಬ ಅಜ್ಜಿ ಬರೆದ್ರು, ಚಂದದ ಕೈಬರಹ. ಹೆಸರು ಅವರದ್ದು ಮದುವೆಯಿಂದ ಬಂದದ್ದು, ಗಂಡ ತೀರಿಕೊಂಡಿದ್ದಾರೆ, ಇಬ್ಬರು ಹೆಣ್ಮಕ್ಕಳು ಮದುವೆಯಾಗಿ ಬೇರೆ ಹೆಸರು ತಗೊಂಡಿದ್ದಾರೆ, ಭಾರತಕ್ಕೆ ಹೋದ ಪಾದ್ರಿ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿದ್ದು ಕೇಳಿಲ್ಲ.

ಆ ಒಂದು ಕಾಗದದಲ್ಲಿ ಹೆಸರು ಯಾಕೆ ಅಪರೂಪ ಆಗ್ತದೆ ಅನ್ನೋದು ಪೂರ್ತಿ ಸಿಕ್ಕಿತು. ಜರ್ಮನಿಯಲ್ಲಿ ಬಹಳ ಕಾಲ ಹೆಂಡತಿ ಗಂಡನ ಹೆಸರು ತಗೊಳ್ಳೋದು ಕಡ್ಡಾಯ. 1976ರಲ್ಲಿ ಹೆಂಡತಿ ಹೆಸರನ್ನೂ ಸಂಸಾರದ ಹೆಸರು ಮಾಡ್ಬಹುದು ಅಂತ ಆಯ್ತು, ಆದ್ರೆ ಜಗಳ ಬಂದ್ರೆ ಗಂಡನದ್ದೇ. ಅದನ್ನು 1991ರಲ್ಲಿ ಸಂವಿಧಾನದ ಕೋರ್ಟ್ ಹೊಡೆದು ಹಾಕಿತು. ಗಂಡ ಹೆಂಡತಿ ಇಬ್ಬರ ಹೆಸರನ್ನೂ ಜೋಡಿಸಿ ಸಂಸಾರದ ಹೆಸರು ಮಾಡ್ಕೊಳ್ಳಿಕ್ಕೆ ಕಾನೂನು ಬಂದದ್ದು ಈಗ ಮೊನ್ನೆ, 2025ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಹೆಣ್ಮಕ್ಕಳೇ ಇದ್ದ ಎಷ್ಟು ಮನೆಗಳಲ್ಲಿ ಎಷ್ಟು ಹೆಸರು ಮುಗಿದಿರ್ಬೇಡ. ಹರ್ಮನ್ ಮೊಗ್ಲಿಂಗ್ ಕಥೆಯಲ್ಲೂ ನೋಡಿ, ಅವರು ಮದುವೆಯಾದದ್ದು ಮಂಗಳೂರಲ್ಲಿ ಜೊತೆಗಿದ್ದ ಗೆಳೆಯ ಗಾಟ್‌ಫ್ರೀಡ್ ವೈಗ್ಲೆ ತೀರಿಕೊಂಡ ಮೇಲೆ ಅವರ ವಿಧವೆ ಪೌಲೀನೆಯನ್ನು, ಆ ಮನೆಯ ಮಕ್ಕಳ ಹೆಸರು ವೈಗ್ಲೆ. ಸಾಕಿದ ಮಕ್ಕಳು ಸರ್‌ನೇಮ್ ಲೆಕ್ಕಕ್ಕೆ ಬರೋದಿಲ್ಲ.

ಗೆಳೆಯನಿಗೆ ಇಷ್ಟೂ ಬರೆದು, "ಮೊಗ್ಲಿಂಗ್ ವಂಶಸ್ಥರು ಅಂತ ಯಾರನ್ನೂ ಆಮಂತ್ರಣ ಪತ್ರಿಕೆಯಲ್ಲಿ ಹಾಕ್ಬೇಡ, ಬೇಕಿದ್ರೆ ಥಿಯೊಡೋರ್ ಬಗ್ಗೆ ಒಂದು ಭಾಷಣ ಇಡಿಸು" ಅಂತ ಕಳಿಸಿದೆ. ಅವನು ಒಂದು ಥಂಬ್ಸ್ ಅಪ್ ಹಾಕಿದ. ನನಗೆ ಮಾತ್ರ ಚಟ ಬಿಡ್ಲಿಲ್ಲ. ಮೊಗ್ಲಿಂಗನ್ ಊರೋ ಮೊಗ್ಗ್ಲಿಂಗನ್ ಊರೋ ಅಥವಾ ಎರಡೂ ಅಲ್ವೋ ಅನ್ನೋದಕ್ಕೆ ಚರ್ಚ್ ಪುಸ್ತಕಕ್ಕಿಂತ ಹಿಂದಿನದ್ದು ಬೇಕು. 1545ರಲ್ಲಿ ತುರ್ಕರ ವಿರುದ್ಧ ಯುದ್ಧಕ್ಕೆ ಅಂತ ವ್ಯುರ್ಟೆಂಬೆರ್ಗಲ್ಲಿ ಮನೆ ಮನೆಯಿಂದ ತೆರಿಗೆ ಎತ್ತಿದ್ರು, ಕಟ್ಟಿದವರ ಹೆಸರು ಊರುವಾರು ಪಟ್ಟಿಯಾಗಿ ಸ್ಟುಟ್‌ಗಾರ್ಟಿನ ಮುಖ್ಯ ಸರ್ಕಾರಿ ಆರ್ಕೈವಲ್ಲಿ ಉಂಟು. ಟ್ಯೂಬಿಂಗನ್, ಬ್ಯೋಬ್ಲಿಂಗನ್, ಲುಡ್ವಿಗ್ಸ್‌ಬುರ್ಗ್ ಸುತ್ತಲಿನ ಪಟ್ಟಿಗಳನ್ನು ಮೊದಲು ನೋಡುವ ಪ್ಲಾನ್, 'ಮೇಗ್ಲಿಂಗ್' ಸ್ಪೆಲ್ಲಿಂಗ್ ಹಿಡಿದು. ಅಜ್ಜನಿಗೂ ಹೇಳಿದ್ದೇನೆ, ಹದಿನಾರನೇ ಶತಮಾನದ ಕೈಬರಹ ಅಂದ್ರೆ ಈಗ ಕಲ್ತದ್ದೆಲ್ಲ ಮರೆತು ಹೊಸದಾಗಿ ಶುರು ಮಾಡ್ಬೇಕು ಅಂತ ಅವರ ಅಂಬೋಣ.